ಗಟ್ಟಿ ಆಳು

“ಲೇ ಹುಲುಗ್ಯಾ, ಚೀಲ ಹೊರಾಕ ಆಗದಿದ್ರ ನಿನ್ ಹೆಂಡ್ತಿ ಕೈಯಾಗಿನ ಬಳಿ ಇಸ್ಕಂಡು ತೊಟ್ಗಳಲೇ! ಗಂಡಸಂತ ಗಂಡಸು! ಥೂ ನಿನ್ನ, ಬೋಳಿಮಗನ!”

ಕಾಳಿನ ಮಂಡಿಯ ಸಾಹುಕಾರ ಗುರುಸಂಗಪ್ಪ ಗಾದಿಯ ಮೇಲೆ ಕುಂತಲ್ಲಿಂದಲೇ ಉಗಿದ. ಉಗುಳು ನನ್ನವರೆಗೆ ಬರಲಿಲ್ಲ, ಮಾತು ಬಂತು. ನನ್ನ ಹೆಗಲಿನಿಂದ ಜಾರಿದ ಕ್ವಿಂಟಲ್ ಚೀಲ ಕಾಲಬುಡದಲ್ಲಿ ಹೊಟ್ಟೆ ಒಡೆದುಕೊಂಡು ಬಿದ್ದಿತ್ತು. ಮೆಕ್ಕೆಜೋಳ ಅಂಗಳದ ತುಂಬ ಹರಡಿ ಚರಂಡಿಯ ಬಾಯಿಗೂ ಹೋಗಿತ್ತು. ಮಾಲು ತಂದ ರೈತರು ಟ್ರ್ಯಾಕ್ಟರುಗಳ ಮೇಲಿಂದ ನೋಡುತ್ತಿದ್ದರು. ಒಬ್ಬ ನಕ್ಕ. ಚೆಲ್ಲಿದ್ದು ಅವನ ಮಾಲಲ್ಲ, ಅದಕ್ಕೇ ನಕ್ಕ.

ನಗುವವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಪುರುಸೊತ್ತಿರಲಿಲ್ಲ. ಬಲ ಹೆಗಲಿನ ಕೀಲು ತಪ್ಪಿತ್ತು. ತೋಳಿನ ಗುಂಡು ತನ್ನ ಗೂಡು ಬಿಟ್ಟು ಮುಂದಕ್ಕೆ, ಕಂಕುಳ ಹತ್ತಿರ ಬಂದು ಕುಂತಿತ್ತು. ಆ ನೋವನ್ನು ಹೇಳುವುದು ಹೇಗೆ? ಹಲ್ಲು ನೋವು ಬಂದಾಗ ಮೈಯೆಲ್ಲ ಹಲ್ಲೇ ಆಗುತ್ತದಲ್ಲ, ಹಾಗೆ ಆ ಹೊತ್ತು ನಾನು ಬರೀ ಹೆಗಲು. ಆದರೂ ಬಾಯಿ ಬಿಡುವ ಹಾಗಿಲ್ಲ. ತೋಳು ಜೋತು ಬಿದ್ದದ್ದು ಯಾರಿಗೂ ಕಾಣಬಾರದೆಂದು ಬಲಗೈಯ ಹೆಬ್ಬೆರಳನ್ನು ಉಡಿದಾರಕ್ಕೆ ಸಿಗಿಸಿ, ಸೊಂಟದ ಮೇಲೆ ಕೈಯಿಟ್ಟುಕೊಂಡವನ ಹಾಗೆ ನಿಂತೆ.

“ಏನಲೇ, ಸೊಂಟದ ಮ್ಯಾಲೆ ಕೈ ಇಟ್ಗಂಡು ನಿಂತಿ? ಪೋಟೋ ತೆಗೀಬೇಕೇನು ನಿಂದು? ಆರಸು! ಚರಂಡ್ಯಾಗ ಒಂದು ಕಾಳು ಉಳೀಬಾರ್ದು.”

ನನ್ನ ಹೆಂಡತಿ ಗಾಳೆಮ್ಮ ಅದೇ ಮಂಡಿಯಲ್ಲಿ ಕಾಳು ಹಸನು ಮಾಡುವವಳು. ಮೊರ ಹಿಡಿದು ಓಡಿಬಂದಳು.

“ಏಯ್, ನೀ ಮುಟ್ಟಬ್ಯಾಡ! ಚೆಲ್ಲಿದಾವನಽ ಆರಸ್ಲಿ.”

ಅವಳು ಮೊರ ಹಿಡಿದುಕೊಂಡು ಅಲ್ಲೇ ನಿಂತಳು. ನಾನು ಮೊಣಕಾಲೂರಿ ಎಡಗೈಯಲ್ಲಿ ಕಾಳು ಬಳಿಯತೊಡಗಿದೆ.

“ಎಡಗೈಲಿ ಬಳೀತೀಯಾ? ಅನ್ನ ಅದು, ಲಕ್ಷ್ಮಿ! ತಿಕ ತೊಳ್ಯೋ ಕೈಲಿ ಲಕ್ಷ್ಮಿ ಮುಟ್ಟಿದ್ರ ನನ್ನ ಮಂಡಿ ಉದ್ಧಾರಾಗ್ತತೇನಲೇ ಸೂಳಿಮಗನ? ಬಲಗೈಲಿ ಆರಸು!”

ಜೋತುಬಿದ್ದ ತೋಳನ್ನು ಎತ್ತುವುದೆಲ್ಲಿಂದ? ಇನ್ನೂ ಬಗ್ಗಿದೆ. ಗದ್ದ ನೆಲಕ್ಕೆ ತಾಗುವಷ್ಟು ಬಗ್ಗಿದಾಗ ಬಲಗೈ ತಾನಾಗಿ ನೆಲಕ್ಕೆ ಬಂತು. ಬೆರಳು ಮಾತ್ರ ಆಡುತ್ತಿದ್ದವು. ಆ ಬೆರಳಲ್ಲೇ ಕಾಳನ್ನು ಒಂದೊಂದಾಗಿ ಮೊರದ ಕಡೆ ತಳ್ಳಿದೆ. ಸಾಹುಕಾರನಿಗೆ ಅದು ಅಡ್ಡಬಿದ್ದ ಹಾಗೆ ಕಂಡಿರಬೇಕು. ಅವನ ಸಿಟ್ಟು ಇಳಿಯಿತು. “ಹಾಂ, ಹಂಗ ಬಾ ದಾರಿಗೆ” ಎಂದು ಟೀ ತರಿಸಿಕೊಂಡ. ಗಾಳೆಮ್ಮ ನನ್ನ ಮುಖ ನೋಡಲಾರದೆ ಮೊರವನ್ನು ನನ್ನ ಕೈಗೆ ಹತ್ತಿರ ಹತ್ತಿರ ಸರಿಸುತ್ತ, ಹಲ್ಲು ಕಚ್ಚಿ ಸಾಹುಕಾರನ ವಂಶವನ್ನೆಲ್ಲ ಬೈಯುತ್ತಿದ್ದಳು. ಅವಳ ಬಾಯಿ ಕೆಟ್ಟದ್ದು. ಅವತ್ತು ಅದೊಂದೇ ನನಗೆ ಹಿತವಾಗಿ ಕೇಳಿಸಿದ್ದು.

ಕಾಳೆಲ್ಲ ಮೊರಕ್ಕೆ ಬಂದ ಮೇಲೆ ನಾನು ಗೋದಾಮಿನಲ್ಲಿ ಒಂದರ ಮೇಲೊಂದು ಪೇರಿಸಿದ ಚೀಲಗಳ ನಿಟ್ಟಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡು ಕುಂತೆ. ಓಬಳೇಶಿ ಬರಬೇಕಿತ್ತು. ಅವನು ಬಂದರೆ ಮಾತ್ರ ನನ್ನ ತೋಳು ಗೂಡಿಗೆ ಹೋಗುತ್ತಿತ್ತು.

ಓಬಳೇಶಿ ಗಾಳೆಮ್ಮನ ತಮ್ಮ. ಅವನು ನಡೆಯುವುದು ಕಲಿಯುವ ಮೊದಲೇ ತಾಯಿ ಸತ್ತಳು. ಬಗಲಲ್ಲಿ ಹೊತ್ತು ತಿರುಗಿದವಳು, ಅಂಬಲಿ ಕುಡಿಸಿದವಳು, ಮೂಗು ಒರೆಸಿದವಳು ಗಾಳೆಮ್ಮ. ನನ್ನನ್ನು ಮದುವೆಯಾಗಿ ಗುಡೇಕೋಟೆ ಕಡೆಯಿಂದ ಕೊಟ್ಟೂರಿಗೆ ಬರುವಾಗ ಅವನನ್ನೂ ಜೊತೆಗೆ ಕರಕೊಂಡೇ ಬಂದಳು. ಮೀಸೆ ಬಂದ ಮೇಲೆ ನಾನೇ ಹಮಾಲರ ಗುಂಪಿಗೆ ಸೇರಿಸಿ ಅವನ ಕೈಗೆ ಕೊಕ್ಕೆ ಕೊಟ್ಟೆ. ಕೊಕ್ಕೆ ಅಂದರೆ ಚೀಲಕ್ಕೆ ಹಾಕಿ ಎಳೆಯುವ ಕಬ್ಬಿಣದ ಕೊಂಡಿ. ಹಮಾಲನಿಗೆ ಅದೇ ನೌಕರಿ, ಅದೇ ಹೊಲ ಮನೆ. ಸಾಹುಕಾರ “ಕೊಕ್ಕಿ ಇಡು” ಅಂದರೆ ಅವತ್ತಿಗೆ ಅವನ ಅನ್ನ ಮುಗಿಯಿತು.

ಗಾಳೆಮ್ಮನ ಜೊತೆ ಕಾಳು ಹಸನು ಮಾಡುವ ಕನಕಮ್ಮನ ಗಂಡನೂ ಹಮಾಲ, ಅವನಿಗೆ ಹಾಗೇ ಆಯಿತು. ಲಾರಿ ತುಂಬುವಾಗ ಸೊಂಟ ಮುರಿಯಿತು. ಸಾಹುಕಾರ ಅವನಿಗೊಂದು ಟವೆಲ್ಲು ಹೊದಿಸಿ “ದೇವ್ರು ಚಲೋ ಇಟ್ಟಿರ್ಲಿ” ಎಂದು ಕೊಕ್ಕೆ ಇಸಕೊಂಡ. ಆ ಮನುಷ್ಯ ಈಗಲೂ ಅದೇ ಟವೆಲ್ಲು ಹೊದ್ದು ಬಸ್‌ಸ್ಟ್ಯಾಂಡಿನಲ್ಲಿ ಕುಂತಿರುತ್ತಾನೆ. ಅವನನ್ನು ಕಂಡ ಮೇಲೆ ಮಂಡಿಯಲ್ಲಿ ಯಾವ ಹಮಾಲನೂ ನೋವು ಅನ್ನುವ ಶಬ್ದವನ್ನು ಬಾಯಿಂದ ಆಚೆ ಬಿಟ್ಟಿಲ್ಲ.

ನನ್ನ ಹೆಗಲು ಮೊದಲ ಸಲ ಹೋದದ್ದೂ ಅಂಥದೇ ಒಂದು ಲಾರಿಯಲ್ಲಿ. ಮಳೆ ಹನಿಯುತ್ತಿತ್ತು, ಉಳಿದ ಹಮಾಲರು ಮನೆಗೆ ಹೋಗಿದ್ದರು, ಇದ್ದದ್ದು ನಾನು ಮತ್ತು ಓಬಳೇಶಿ. ಹತ್ತುವ ಹಲಗೆ ಜಾರುತ್ತದೆ, ಗೋಣಿ ಹಾಸಿಕೊಡಿ ಅಂದೆವು. “ಮಾಲು ನೆನೀತತಿ, ಹತ್ರಲೇ” ಅಂದ ಸಾಹುಕಾರ. ಹತ್ತಿದೆ. ಹಲಗೆ ಜಾರಿತು. ಬೀಳುತ್ತಿದ್ದ ಚೀಲವನ್ನು ಬಿಟ್ಟಿದ್ದರೆ ಆಗುತ್ತಿತ್ತು, ನಾನು ಬಲಗೈಯಲ್ಲಿ ಹಿಡಿದುಕೊಂಡೆ. ಮಾಲು ಉಳಿಯಿತು, ತೋಳು ಹೋಯಿತು. ಎಲುಬು ಕೂಡಿಸುವ ಅಜ್ಜ ಗುಟ್ಟಾಗಿ ಮನೆಗೆ ಬಂದು ಕಂಕುಳಲ್ಲಿ ಹಿಮ್ಮಡಿ ಕೊಟ್ಟು, ಮಣಿಕಟ್ಟು ಹಿಡಿದು ಜಗ್ಗಿದ. ಟಕ್ ಅಂತು, ಕುಂತಿತು. ಓಬಳೇಶಿ ಪಕ್ಕದಲ್ಲಿ ನಿಂತು ನೋಡಿ ಕಲಿತ. ಅಲ್ಲಿಂದ ಮುಂದೆ ಅದು ಎಷ್ಟು ಸಲ ಹೊರಬಿತ್ತೋ ಲೆಕ್ಕವಿಲ್ಲ. ಚೀಲ ಎತ್ತಿ ಹಿಡಿಯುವಾಗ, ಮೈ ಮುರಿಯುವಾಗ, ಒಮ್ಮೆ ನಿದ್ದೆಯಲ್ಲಿ ಮಗ್ಗುಲು ಹೊರಳುವಾಗ. ಪ್ರತಿ ಸಲವೂ ಓಬಳೇಶಿ ನಿಟ್ಟಿನ ಹಿಂದೆ ಕರಕೊಂಡು ಹೋಗಿ, ಚಪ್ಪಲಿ ಬಿಚ್ಚಿ, ಕಂಕುಳಿಗೆ ಕಾಲು ಕೊಟ್ಟು ಜಗ್ಗುತ್ತಿದ್ದ. ನಾನು ಬಾಯಿಗೆ ಟವೆಲ್ಲು ತುರುಕಿಕೊಳ್ಳುತ್ತಿದ್ದೆ.

ಹೀಗೆ ಎಷ್ಟು ದಿನ? ಅದಕ್ಕೆ ನಾವಿಬ್ಬರೂ ಒಂದು ಉಪಾಯ ಮಾಡಿದೆವು.

ನಮ್ಮ ಮಂಡಿಯಲ್ಲಿ ತೂಕದ ಕಾಟಾದ ಹತ್ತಿರ ಇಬ್ಬರು ನಿಂತು ತೂಗಿದ ಚೀಲ ಎತ್ತಿ ಕೊಡುತ್ತಾರೆ. ಹೊರುವವನು ಅವರಿಗೆ ಬೆನ್ನು ತೋರಿಸಿ ಬಗ್ಗಿ ನಿಲ್ಲಬೇಕು. ಎತ್ತುವವರಲ್ಲಿ ಮುಂದಿನವನು ದೇವರ ಹೆಸರು ಕೂಗುತ್ತಾನೆ, ಆ ಕೂಗಿಗೆ ಚೀಲ ಹೆಗಲಿಗೆ ಬರುತ್ತದೆ. ಎಲ್ಲರಿಗೂ ಬಲ ಹೆಗಲಿಗೇ. ಆ ಹೆಗಲ ಕೈ ಮೇಲಕ್ಕೆತ್ತಿ ಚೀಲದ ಕಿವಿ ಹಿಡಿದುಕೊಳ್ಳಬೇಕು. ಊರು ಕೊಟ್ಟೂರು, ಕೂಗುವುದು “ಕೊಟ್ರೇಶಾ!” ಮುಂದೆ ನಿಂತು ಕೂಗುವವನು ಓಬಳೇಶಿ. ಅವನು ಕೊಟ್ರೇಶನನ್ನು ಕೂಗಿದರೆ ಚೀಲ ಬಲಕ್ಕೆ. ನನ್ನ ಹೆಗಲು ಸಡಿಲಾದ ದಿನ ಮಾತ್ರ “ಉಚ್ಚಂಗೆವ್ವಾ!” ಎಂದು ಕೂಗುತ್ತಿದ್ದ. ಆಗ ನಾನು ಮೈ ತಿರುವಿ ಎಡ ಹೆಗಲು ಕೊಡುತ್ತಿದ್ದೆ. ಉಚ್ಚಂಗೆವ್ವ ಅವನ ತಾಯಿ ಕಡೆಯ ಮನೆದೇವರು, ಕೂಗಿದರೆ ಯಾರು ಏನಂದಾರು? ಸಾಹುಕಾರನೂ ಒಮ್ಮೆ ಮೆಚ್ಚಿಕೊಂಡಿದ್ದ. “ಹುಡುಗ ಭಕ್ತಿವಂತ ಅದಾನ, ಅವ್ವನ್ನ ಮರ್ತಿಲ್ಲ.” ನಾವಿಬ್ಬರೂ ನಿಟ್ಟಿನ ಹಿಂದೆ ಹೋಗಿ ಬಿದ್ದು ಬಿದ್ದು ನಕ್ಕಿದ್ದೆವು. ದಿನ ಕಳೆದ ಹಾಗೆ ಎಡವೇ ಹೆಚ್ಚಾಯಿತು. ಆ ಹೆಸರು ಕಿವಿಗೆ ಬಿದ್ದರೆ ನನ್ನ ಬುದ್ಧಿಯನ್ನು ಕೇಳದೆ ಮೈ ಎಡಕ್ಕೆ ತಿರುಗುತ್ತಿತ್ತು.

ಅವತ್ತು ಓಬಳೇಶಿ ಕಾಟಾದ ಹತ್ತಿರ ಇರಲಿಲ್ಲ. ಸಾಹುಕಾರ ಏನೋ ಕೆಲಸಕ್ಕೆಂದು ಅವನನ್ನು ತನ್ನ ಮನೆಗೆ ಕಳಿಸಿದ್ದ. ಎತ್ತಿ ಕೊಟ್ಟವರು ಬೇರೆಯವರು, ಅವರು ಕೊಟ್ರೇಶಾ ಅಂದರು, ಚೀಲ ಬಲಕ್ಕೆ ಬಂತು.

ಓಬಳೇಶಿ ಬಂದವನೇ ಚಪ್ಪಲಿ ಬಿಚ್ಚಿದ. “ಯಾಕ ಮಾವ, ಬ್ಯಾಡ ಅನ್ನಾಕ ಬಾಯಿ ಇದ್ದಿಲ್ಲೇನು? ಟವಲ್ ಕಚ್ಚು.” ಜಗ್ಗಿದ. ತೋಳು ಕುಂತಿತು. ಅವನ ಕಣ್ಣಲ್ಲಿ ನೀರಿತ್ತು. ಇದ್ದದ್ದನ್ನು ಇಲ್ಲ ಅನ್ನುವುದಿಲ್ಲ ನಾನು, ನೀರಿತ್ತು. ಬಾಯಿಂದ ಮಾತ್ರ ಸಾಹುಕಾರನ ಮನೆಯ ಏಲಕ್ಕಿ ಚಹಾದ ವಾಸನೆ ಬರುತ್ತಿತ್ತು. ನಮ್ಮಂಥವರನ್ನು ಅಂಗಳ ದಾಟಿಸದ ಮನೆ ಅದು.

ಮರುದಿನ ಗಾಳೆಮ್ಮ ನನ್ನನ್ನು ಸರಕಾರಿ ದವಾಖಾನೆಗೆ ಎಳಕೊಂಡು ಹೋದಳು. ಡಾಕ್ಟರು ಒಳ್ಳೆಯವರು, ಕುರ್ಚಿ ಕೊಟ್ಟರು. ತೋಳನ್ನು ಮೆಲ್ಲಗೆ ಆಡಿಸಿ ನೋಡಿ, ಒಳಗಿನ ಪೊರೆ ಹರಿದುಹೋಗಿದೆ, ಆಪರೇಷನ್ ಮಾಡಿಸಿದರೆ ನಿಲ್ಲುತ್ತದೆ, ದಾವಣಗೆರೆಗೆ ಬರೆದುಕೊಡುತ್ತೇನೆ ಅಂದರು. ಬಿಟ್ಟರೆ ಒಂದು ದಿನ ನರ ಹಿಡಿದು ಕೈ ಸತ್ತೇ ಹೋಗಬಹುದು ಅಂತಲೂ ಅಂದರು.

“ಅಲ್ಲಿ ತನಕ ಭಾರ ಎತ್ತಬೇಡ.”

“ಎತ್ತದಿದ್ರ ಏನ್ ತಿನ್ಲಿ ಸಾರ್?”

ಅವರು ಅದಕ್ಕೆ ಮಾತ್ರೆ ಬರೆಯಲಿಲ್ಲ.

ಹಮಾಲರ ಸಂಘ ಅಂತ ನಮ್ಮಲ್ಲೊಂದು ಇತ್ತು. ಸಂಘ ಅಂದರೆ ಮುದುಕ ಹನುಮಣ್ಣ, ಒಂದು ಕೆಂಪು ಬಾವುಟ, ಮತ್ತು ಬಾವುಟ ಕಟ್ಟಲು ಒಂದು ಬೇವಿನ ಮರ. ಅವನ ಹತ್ತಿರ ಹೋದೆವು.

“ಕೆಲ್ಸದಾಗ ಪೆಟ್ಟಾದ್ರ ದವಾಖಾನಿ ಖರ್ಚು ಮಂಡಿಯವರಽ ಹಾಕ್ಬೇಕು. ಕಾನೂನು ಐತಿ,” ಅಂದ ಹನುಮಣ್ಣ. “ಲೇಬರ್ ಸಾಹೇಬ್ರನ್ನ ಕರಸ್ತೀನಿ. ಆದ್ರ ಹುಲುಗಾ, ಇಲ್ಲೇ ಪೆಟ್ಟಾತಂತ ಕಂಡಾವ್ರು ಒಬ್ರು ಬಾಯಿ ಬಿಡಬೇಕು. ಯಾರದಾರ?”

ಮೊದಲ ಸಲ ಕೂಡಿಸಿದ ಅಜ್ಜ ಸತ್ತಿದ್ದ. ಲಾರಿಯವನು ಯಾವ ದೇಶದವನೋ. ಉಳಿದವನು ಒಬ್ಬನೇ.

ಅವತ್ತು ನಮ್ಮ ಮನೆಯಲ್ಲಿ ಓಬಳೇಶಿ ರೊಟ್ಟಿ ಮುರಿಯುತ್ತಿದ್ದ. ಗಾಳೆಮ್ಮ ಬಿಸಿ ರೊಟ್ಟಿಯ ಮೇಲೆ ಗುರೆಳ್ಳು ಪುಡಿ ಹಾಕಿ, ಎಣ್ಣೆ ಬಿಟ್ಟು, ಮೊದಲು ತಮ್ಮನಿಗೇ ಕೊಟ್ಟಳು. ಯಾವಾಗಲೂ ಹಾಗೇ.

“ಸಾಕ್ಷಿ ನಾ ಹೇಳ್ತೀನಿ ಮಾವ. ಇದರಾಗ ಕೇಳೋದೇನೈತಿ?” ಅಂದ ಅವನು. “ಎಷ್ಟು ಸಲ ಕೂಡ್ಸೀನಿ ಅಂತ ನನಗ ಗೊತ್ತಿಲ್ಲೇನು? ಅಕ್ಕನ ಆಣಿ, ಹೇಳ್ತೀನಿ.”

“ಸಾವ್ಕಾರ ನಿನಗ ಕಣ್ಣು ಬಿಟ್ರ?” ಅಂದೆ.

ಗಾಳೆಮ್ಮ ಒಲೆಯ ಮುಂದಿನಿಂದಲೇ ರೇಗಿದಳು. “ನನ್ನ ತಮ್ಮನ್ನ ಏನಂತ ತಿಳ್ಕಂಡೀ ನೀನು? ಅವನು ಸುಳ್ಳಾಡಿದ್ರ ಸೂರ್ಯ ಆ ಕಡೀಲಿಂದ ಹುಟ್ತಾನ! ಉಣ್ಣು ಸುಮ್ನ.”

ಉಂಡೆ. ನೆಮ್ಮದಿಯಾಗಿ ಉಂಡೆ. ಆಪರೇಷನ್ ಆಗುತ್ತದೆ, ಕೈ ಉಳಿಯುತ್ತದೆ, ಕೊಕ್ಕೆಯೂ ಉಳಿಯುತ್ತದೆ. ಅಷ್ಟು ವರ್ಷದಲ್ಲಿ ಮೊದಲ ಸಲ ನನಗೆ ಹೆದರಿಕೆ ಆಗಲಿಲ್ಲ. ನನ್ನ ಹೆದರಿಕೆ ಆಗ ಎಲ್ಲಿ ಹೋಗಿತ್ತೋ, ಹಾಳಾದ್ದು.

ಲೇಬರ್ ಸಾಹೇಬರು ಬಂದದ್ದು ಬಿಳಿ ಜೀಪಿನಲ್ಲಿ. ಜೀಪು ಮೊದಲು ಸಾಹುಕಾರನ ಮನೆಗೆ ಹೋಯಿತು. ಊಟವಾಗಿ, ಎಲೆಅಡಿಕೆಯಾಗಿ, ಬಿಸಿಲು ಇಳಿಯುವ ಹೊತ್ತಿಗೆ ಮಂಡಿಗೆ ಬಂತು. ನಾವು ಬೆಳಗಿನಿಂದ ಬೇವಿನ ಮರದ ಕೆಳಗೆ ಕಾದಿದ್ದೆವು. ಸಾಹೇಬರಿಗೆ ಕಾಟಾದ ಹತ್ತಿರ ಕುರ್ಚಿ ಹಾಕಿದರು. ಹಮಾಲರೆಲ್ಲ ಸುತ್ತ ನಿಂತರು, ಹಸನು ಮಾಡುವ ಹೆಂಗಸರು ಹಿಂದೆ. ಓಬಳೇಶಿ ತನ್ನ ಜಾಗದಲ್ಲಿ, ಕಾಟಾದ ಮಗ್ಗುಲಲ್ಲಿ ನಿಂತಿದ್ದ. ನಾನು ನೋಡಿದೆ, ಅವನು ನೋಡಲಿಲ್ಲ.

“ಏನಪ್ಪಾ ಹುಲುಗಣ್ಣ, ಇಲ್ಲಿ ಕೆಲಸ ಮಾಡುವಾಗ ನಿನ್ನ ಹೆಗಲಿಗೆ ಪೆಟ್ಟಾಗಿದೆ ಅಂತ ಅರ್ಜಿ ಇದೆ. ಯಾವಾಗ ಆದದ್ದು?”

ಮಳೆ, ಲಾರಿ, ಹಲಗೆ, ಎಲ್ಲ ಹೇಳಿದೆ. ಸಾಹೇಬರು ತಲೆದೂಗಿದರು.

ಗುರುಸಂಗಪ್ಪ ಅವತ್ತು ಬೈಯಲಿಲ್ಲ. ಅವತ್ತು ಅವನ ಬಾಯಲ್ಲಿ ಬೆಲ್ಲವಿತ್ತು. “ಸಾಹೇಬ್ರೇ, ಇವ ನನ್ನ ಮಗ ಇದ್ದಂಗ. ಪೆಟ್ಟಾಗಿದ್ರ ನಾ ಬಿಡ್ತಿದ್ನೇನ್ರಿ? ವರ್ಷಗಟ್ಲೆ ನನ್ನ ಕಣ್ಣ ಮುಂದಽ ಚೀಲ ಹೊತ್ತಾನ. ಒಂದು ದಿನ, ಒಂದೇ ಒಂದು ದಿನ, ಸಾವ್ಕಾರ್ರೇ ಹೆಗಲು ನೋವು ಅಂದಾನೇನು ಕೇಳ್ರಿ. ಇಲ್ಲಿ ನಿಂತಾರಲ್ಲ ಇಷ್ಟು ಮಂದಿ, ಇವ್ರನ್ನೂ ಕೇಳ್ರಿ. ಲೇ, ಯಾರಾದ್ರೂ ಕೇಳೀರೇನಲೇ ಇವನ ಬಾಯಾಗ?”

ಹಮಾಲರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ಸುಳ್ಳು ಹೇಳಲಿಲ್ಲ. ಯಾರೂ ಕೇಳಿರಲಿಲ್ಲ. ಕೇಳಿಸಬಾರದೆಂದೇ ಅಲ್ಲವೆ ನಾನು ಅಷ್ಟೆಲ್ಲ ಟವೆಲ್ಲು ಕಚ್ಚಿದ್ದು? ಮುಚ್ಚಿಟ್ಟ ನೋವನ್ನೆಲ್ಲ ಆ ಮನುಷ್ಯ ತೆಗೆದು ನನ್ನ ಮುಂದೆಯೇ ಇಟ್ಟ. ನೋವು ಇದ್ದಿದ್ದರೆ ಕೂಗುತ್ತಿದ್ದ, ಕೂಗಿಲ್ಲ, ಅಂದರೆ ನೋವಿಲ್ಲ. ಸಾಹೇಬರಿಗೆ ಅದು ನ್ಯಾಯವಾಗಿ ಕಂಡಿತು. ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತು ಅಂದರೆ ನೋಡಿ.

“ಸಾಕ್ಷಿ ಐತ್ರಿ ಸಾಹೇಬ್ರೇ,” ಎಂದು ಹನುಮಣ್ಣ ಮುಂದೆ ಬಂದ. “ಓಬಳೇಶಿ, ಹೇಳಪ್ಪ.”

ಓಬಳೇಶಿ ಕೈಕಟ್ಟಿಕೊಂಡು ಮುಂದೆ ಬಂದ.

“ನೀನು ಇವನ ಹೆಂಡತಿಯ ತಮ್ಮ ಅಲ್ವಾ? ಇವನ ಹೆಗಲು ತಪ್ಪಿದ್ದನ್ನು ನೋಡಿದ್ದೀಯಾ?”

“ನನಗೇನ್ ಗೊತ್ತಿಲ್ರಿ.”

“ಏನು?”

“ನಾ ನೋಡಿಲ್ರಿ. ಮಾವ ಗಟ್ಟಿ ಅದಾನ್ರಿ. ಗಟ್ಟಿ ಆಳು.”

ಹಿಂದಿನಿಂದ ಗಾಳೆಮ್ಮನ ಮೊರ ನೆಲಕ್ಕೆ ಬಿತ್ತು. ನಂಬಿದ ಎಮ್ಮೆ ಕೋಣ ಈಯಿತು ಅನ್ನುತ್ತಾರಲ್ಲ, ಆ ಮಾತು ಎಷ್ಟು ಸಲ ನಾನೇ ಆಡಿ ನಕ್ಕಿದ್ದೇನೋ. ನನ್ನ ಕೊಟ್ಟಿಗೆಯಲ್ಲೇ ಈದಾಗ ನಗು ಎಲ್ಲಿಂದ ಬರಬೇಕು? ಅವನ ಹಿಮ್ಮಡಿಯ ಗುರುತು ನನ್ನ ಕಂಕುಳಲ್ಲಿ ಇನ್ನೂ ನೀಲಿಯಾಗಿತ್ತು. ಅಂಗಿ ಎತ್ತಿ ತೋರಿಸಲೇ ಅಂದುಕೊಂಡೆ. ತೋರಿಸಿದರೆ, ಯಾರೋ ಒದ್ದಿರಬೇಕು ಅನ್ನುತ್ತಿದ್ದರು.

“ಸಾಹೇಬ್ರಿಗೆ ಅನುಮಾನ ಬ್ಯಾಡ,” ಅಂದ ಸಾಹುಕಾರ. “ಒಂದು ಚೀಲ ಹೊರಿಸಿ ನೋಡ್ರಿ. ಹೊರಾಕ ಬರದಿದ್ರ ಖರ್ಚೆಲ್ಲ ನಂದು. ಹೊತ್ರ, ಸುಳ್ಳು ಅರ್ಜಿ ಕೊಟ್ಟಾವನ್ನ ನಾ ಇಟ್ಗಳಾಂಗಿಲ್ಲ. ಕೊಕ್ಕಿ ಇಟ್ಟು ಹೋಗ್ಲಿ.”

“ಅದೇನು ತಪ್ಪಿಲ್ಲ,” ಅಂದರು ಸಾಹೇಬರು. “ಏನಪ್ಪಾ?”

ಡಾಕ್ಟರು ಎತ್ತಬೇಡ ಅಂದಿದ್ದಾರೆ ಅಂದೆ. ಹೊತ್ತರೆ ಸುಳ್ಳು ಬಯಲಾಗುತ್ತದಲ್ಲ, ಅದಕ್ಕೇ ನೆಪ ಎಂದು ಯಾರೋ ಹಿಂದೆ ನಕ್ಕರು. ಆಗ ನನಗೆ ರೋಷ ಬಂತು. ಹೊರಿಸಲಿ, ನೋಡೋಣ. ಹೇಗೂ ಬಲಕ್ಕೇ ಹಾಕುತ್ತಾರೆ, ಹಾಕಿದ ಕೂಡಲೇ ತೋಳು ಹೊರಬೀಳುತ್ತದೆ, ಕಣ್ಣಿದ್ದವರು ಕಾಣುತ್ತಾರೆ. ಕಾಟಾದ ಮುಂದೆ ಹೋಗಿ ಬೆನ್ನು ತೋರಿಸಿ ಬಗ್ಗಿದೆ. ಬಲಗೈಯನ್ನು ಮೇಲಕ್ಕೆತ್ತಿದೆ. ಎತ್ತುವಾಗಲೇ ಒಳಗೆ ಕಟಕಟ ಅಂತು.

ಹಿಂದೆ ಕೊಕ್ಕೆ ಚೀಲಕ್ಕೆ ಬೀಳುವ ಸಪ್ಪಳ. ಓಬಳೇಶಿಯ ಉಸಿರು ನನ್ನ ಕುತ್ತಿಗೆಯ ಮೇಲೆ. ಆಮೇಲೆ ಕೂಗು.

“ಉಚ್ಚಂಗೆವ್ವಾ!”

ಮೈ ತಿರುಗಿಬಿಟ್ಟಿತು. ಬುದ್ಧಿ ಬೇಡ ಬೇಡ ಅನ್ನುವಷ್ಟರಲ್ಲಿ ಬಲಗೈ ಇಳಿದು ಎಡಗೈ ಏರಿತ್ತು, ಚೀಲ ಎಡ ಹೆಗಲಿಗೆ ಬಂದು ಕುಂತಿತ್ತು, ಕಾಲು ನಡೆಯತೊಡಗಿದ್ದವು. ಇಷ್ಟು ವರ್ಷ ಹೊತ್ತ ಮೈ ಅದು, ಅದಕ್ಕೇನು ಗೊತ್ತು ನ್ಯಾಯ ಅನ್ಯಾಯ? ತಾಳ ತಪ್ಪದೆ, ಬಳುಕದೆ, ನೆಟ್ಟಗೆ ನಿಟ್ಟಿನ ಕಡೆಗೆ ನಡೆದೆ. ನೋವೂ ಆಗಲಿಲ್ಲ. ನೋವಾಗಿದ್ದರೆ ಎಷ್ಟು ಚೆನ್ನಾಗಿತ್ತು!

“ನೋಡಿದ್ರೇನ್ರಿ ಸಾಹೇಬ್ರೇ? ಸಲಗ ನಡದಂಗ ನಡೀತಾನ!”

“ಹೌದು, ಹೌದು. ಗಟ್ಟಿಯಾಗೇ ಇದ್ದಾನೆ,” ಅಂದರು ಸಾಹೇಬರು. ಪೆನ್ನಿನ ಮುಚ್ಚಳ ತೆಗೆದ ಸದ್ದು ಅಷ್ಟು ದೂರಕ್ಕೂ ಕೇಳಿಸಿತು.

ಓಬಳೇಶಿ ಆ ಹೆಸರನ್ನು ಯಾಕೆ ಕೂಗಿದ? ನನ್ನ ತೋಳು ಉಳಿಯಲೆಂದೋ, ನನ್ನ ಮಾತು ಸುಳ್ಳಾಗಲೆಂದೋ? ಇವತ್ತಿಗೂ ನನಗೆ ಗೊತ್ತಿಲ್ಲ. ಅವನಿಗಾದರೂ ಗೊತ್ತಿದೆಯೋ ಇಲ್ಲವೋ. ಎರಡೂ ಒಂದೇ ಕೂಗಿನಲ್ಲಿ ಇದ್ದವು. ಬಲಕ್ಕೆ ಹಾಕಿ ನನ್ನನ್ನು ಕೆಡವಿದ್ದರೆ ನಾನು ಅವನನ್ನು ಒಂದಲ್ಲ ಒಂದು ದಿನ ಕ್ಷಮಿಸುತ್ತಿದ್ದೆ.

ನಿಟ್ಟು ಹತ್ತುವ ಹಲಗೆಗೆ ಕಾಲಿಡುವ ಮೊದಲು ನಿಂತೆ. ಹಿಂದಕ್ಕೆ ತಿರುಗಿದೆ. ಚೀಲ ಹೊತ್ತುಕೊಂಡೇ ಸಾಹೇಬರ ಕುರ್ಚಿಯ ಮುಂದೆ ಬಂದು ನಿಂತೆ.

“ಯಾಕಲೇ, ಅತ್ತ ಹಾಕು!” ಅಂದ ಸಾಹುಕಾರ.

“ಸಾಹೇಬ್ರೇ, ಇತ್ಲಾಗ ನೋಡ್ರಿ. ಬರಿಯಾದು ಆಮ್ಯಾಲೆ ಬರೀರಿ.”

ದಾರಿ ದೂರವಿದ್ದಾಗ ಹಮಾಲರು ಹೆಗಲು ಬದಲಿಸುತ್ತೇವೆ. ತಲೆ ಬಗ್ಗಿಸಿ, ಚೀಲವನ್ನು ಕುತ್ತಿಗೆಯ ಹಿಂದಿನಿಂದ ಹೊರಳಿಸಿ ಈ ಕಡೆಯಿಂದ ಆ ಕಡೆಗೆ ತರುವುದು. ತಲೆ ಬಗ್ಗಿಸಿದೆ.

“ಮಾವಾ! ಬ್ಯಾಡ ಮಾವಾ!” ಓಬಳೇಶಿ ಕಿರುಚಿದ. ಗಟ್ಟಿ ಆಳಿಗೆ ಯಾಕೆ ಬೇಡ? ಯಾರೂ ಕೇಳಲಿಲ್ಲ. ನಾನು ಚೀಲ ಹೊರಳಿಸಿದೆ. ಬಲಗೈ ಎತ್ತಿ ಅದರ ಕಿವಿ ಹಿಡಿದೆ. ಇಡೀ ಕ್ವಿಂಟಲ್ಲು ಬಲಕ್ಕೆ ಬಂತು.

ಹಸಿ ಕಟ್ಟಿಗೆ ಸೀಳಿದಂಥ ಸದ್ದಾಯಿತು. ಚೀಲ ಧೊಪ್ಪೆಂದು ಹಿಂದೆ ಬಿತ್ತು, ನಾನು ಅಲ್ಲೇ ನೆಲಕ್ಕೆ ಕುಂತೆ. ನಾನು ಈ ಸಲ ಟವೆಲ್ಲು ಕಚ್ಚಲಿಲ್ಲ. ಅಷ್ಟು ವರ್ಷ ನುಂಗಿದ್ದನ್ನೆಲ್ಲ ಕೂಗಿದೆ. ಗೋದಾಮಿನ ತಗಡಿನ ಮೇಲಿದ್ದ ಪಾರಿವಾಳಗಳು ಎದ್ದುಹೋದವು. ಪಕ್ಕದ ಮಂಡಿಗಳಿಂದ ಜನ ಓಡಿಬಂದರು. ಅಂಗಿಯನ್ನು ಎಡಗೈಯಿಂದ ಜಗ್ಗಿ ಗುಂಡಿ ಹರಿದು ಸಾಹೇಬರಿಗೆ ತೋರಿಸಿದೆ. ಭುಜ ಇರಬೇಕಾದಲ್ಲಿ ತಗ್ಗು, ಎದೆಯ ಮೇಲೆ ಗಡ್ಡೆ.

ಸಾಹೇಬರು ಕುರ್ಚಿಯಿಂದ ಎದ್ದು ಎರಡು ಹೆಜ್ಜೆ ಹಿಂದೆ ಹೋದರು. “ಅಯ್ಯೋ, ಇದೇನಿದು, ಇದೇನಿದು...”

ಗುರುಸಂಗಪ್ಪನಿಗೆ ಗಾಬರಿಯಾಯಿತು. ಗಾಬರಿಯಲ್ಲಿ ಬೆಲ್ಲ ಕರಗಿ ಒಳಗಿದ್ದದ್ದು ಹೊರಬಂತು.

“ಲೇ ಓಬಳೇಶಿ, ಏನ್ ನೋಡ್ಕಂತ ನಿಂತೀಯಲೇ? ಕೂಡ್ಸಲೇ ಲಗೂನ! ನಿಟ್ಟಿನ ಹಿಂದ ದಿನಾ ಕೂಡಿಸ್ತೀನಿ ಅಂದಿದ್ಯಲ್ಲ, ಕೂಡ್ಸು!”

ಹಮಾಲರೆಲ್ಲ ಸಾಹುಕಾರನ ಕಡೆ ತಿರುಗಿದರು.

ಸಾಹುಕಾರ ತಾನು ಆಡಿದ್ದನ್ನು ತಾನೇ ಕೇಳಿಸಿಕೊಂಡ. ಸಾಹೇಬರು ಪೆನ್ನಿನ ಕಡೆ ನೋಡಿದರು, ಜೀಪಿನ ಕಡೆ ನೋಡಿದರು. ಹನುಮಣ್ಣ ಮಾತ್ರ ಮೆಲ್ಲಗೆ ಅಂದ, “ಅಂದ್ರ ನಿಮಗ ಗೊತ್ತಿತ್ತು ಸಾವ್ಕಾರ್ರೇ.”

ಗಾಳೆಮ್ಮ ಹೆಂಗಸರನ್ನು ನೂಕಿಕೊಂಡು ಮುಂದೆ ಬಂದಳು. ನನ್ನ ಹತ್ತಿರ ಬರಲಿಲ್ಲ, ತಮ್ಮನ ಎದುರು ನಿಂತಳು. “ಏನ್ ಕೊಡ್ತೀನಂದನಲೇ ಅವ? ಹೇಳು. ಏನ್ ಕೊಡ್ತೀನಂದ?”

“ಹಮಾಲರ ಮೇಸ್ತ್ರಿ ಮಾಡ್ತೀನಿ ಅಂದ್ರಕ್ಕ. ಮಾವನ್ನೂ ಬಿಡಾಂಗಿಲ್ಲ, ಸುಮ್ನ ದುಡ್ಕಂಡು ಹೋಗ್ಲಿ ಅಂದ್ರು. ಕೆಲ್ಸ ಉಳೀಲಿ ಅಂತ... ಇಬ್ರೂದೂ ಉಳೀಲಿ ಅಂತ...”

“ನಿನ್ನ ಬಾಯಿಗೆ ಮಣ್ಣು ಹಾಕ! ನನ್ನ ಆಣಿ ಇಟ್ಟಿದ್ಯಲ್ಲೋ! ರೊಟ್ಟಿ ಬಾಯಾಗ ಇಟ್ಗಂಡು ಆಣಿ ಇಟ್ಟಿದ್ಯಲ್ಲೋ ಹಾಟ್ಯಾ!” ಅವಳು ಅವನ ಕೆನ್ನೆಗೆ ಬಾರಿಸಿದಳು. ಬಾರಿಸಿ, ಅದೇ ಕೈಯನ್ನು ತನ್ನ ಬಾಯಿಗೆ ಒತ್ತಿಕೊಂಡು ಅತ್ತಳು. ಸಾಕಿದ ಕೈ ಅದು.

ಓಬಳೇಶಿ ಕೆನ್ನೆ ಸವರಿಕೊಳ್ಳಲಿಲ್ಲ. ಚಪ್ಪಲಿ ಬಿಚ್ಚಿ ನನ್ನ ಮುಂದೆ ಬಂದು ಕುಂತ. “ಮಾವ, ಮಲಗು. ತಡ ಆದ್ರ ಕೂಡಾಂಗಿಲ್ಲ. ಕೈ ಹೋಗ್ತತಿ ಮಾವ. ಆಮ್ಯಾಲೆ ಬೇಕಾದ್ರ ನನ್ನ ಹೊಡಿ.” ಕಾಲು ಚಾಚಿದ. ಆ ಹಿಮ್ಮಡಿ ಕಂಡ ಕೂಡಲೇ ನನ್ನ ಮೈ ಮಲಗಲು ಹೊರಟಿತು. ಅಷ್ಟು ನೋವು. ಒಂದು ಜಗ್ಗು, ಒಂದು ಟಕ್, ಮುಗಿದುಹೋಗುತ್ತಿತ್ತು.

“ಮಲಗಪ್ಪಾ, ಮಲಗು,” ಎಂದು ಸಾಹೇಬರೂ ಅಂದರು. “ಮೊದಲು ಸರಿ ಮಾಡಿಸಿಕೋ, ಆಮೇಲೆ ಕೂತು ಮಾತಾಡೋಣ.”

ನಾನು ಎದ್ದೆ. ಜೋತ ಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕಾಟಾದ ಹತ್ತಿರ ಹೋದೆ. ಚೀಲ ಇಡುವ ಕಬ್ಬಿಣದ ಹಲಗೆಯ ಮೇಲೆ ಕಾಲು ಮಡಚಿ ಕುಂತೆ. ಮುಳ್ಳು ಒಮ್ಮೆ ಅಲ್ಲಾಡಿ ನಿಂತಿತು. ಇನ್ನು ನಾನು ಏಳುವವರೆಗೆ ಆ ಮಂಡಿಯಲ್ಲಿ ಒಂದು ಚೀಲ ತೂಗುವ ಹಾಗಿಲ್ಲ. ಗೇಟಿನವರೆಗೆ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಹಿಂದಿನವರು ಹಾರನ್ ಹೊಡೆಯತೊಡಗಿದರು. ಹನುಮಣ್ಣ ಬಂದು ಕಾಟಾದ ಮುಂದೆ ತನ್ನ ಕೊಕ್ಕೆಯನ್ನು ಹಿಡಿದುಕೊಂಡೇ ನಿಂತ. ಮಿಕ್ಕ ಹಮಾಲರು ಇದ್ದಲ್ಲೇ ಇದ್ದರು. ಬರಲೂ ಇಲ್ಲ, ಹೋಗಲೂ ಇಲ್ಲ.

ಬೆರಳ ತುದಿಗಳು ಜುಮುಗುಡುತ್ತಿದ್ದವು. ಸ್ವಲ್ಪ ಹೊತ್ತಿನಲ್ಲಿ ಅದೂ ನಿಂತಿತು. ಕಿರುಬೆರಳನ್ನು ಆಡಿಸಿ ನೋಡಿದೆ, ಆಡಲಿಲ್ಲ.

“ಕೂಡಿಸ್ಕಳಲೇ ಹುಲುಗಾ, ಕೈ ಮುಗೀತೀನಿ!” ಸಾಹುಕಾರ ಗಾದಿ ಬಿಟ್ಟು ಇಳಿದು ಬಂದಿದ್ದ. “ಹಠ ಮಾಡಬ್ಯಾಡ, ಕೈ ಸಾಯ್ತತಿ!”

“ಸಾಯ್ಲಿ,” ಅಂದೆ. “ಕೂಡಿದ್ರ ಮತ್ತ ಗಟ್ಟಿ ಅದಾನ ಅಂತೀರಿ.”